ಸೋರದ ಪೈಪಿಗೊಂದು ಸೋರಿಕೆ ವರದಿ

"ನಮ್ಮ ಪೈಕಿಯಾಗ ಸರ್ಟಿಫಿಕೇಟ್ ತರೂದು ಯಾರ ಕೈಲೂ ಆಗೂ ಮಾತಲ್ಲ, ಬಿಡಕ್ಕಾ" ಎಂದವನು ನನ್ನ ಸೋದರಮಾವ ಫಕ್ಕೀರಪ್ಪ. ನಾನು ಪಿಯುಸಿಯಲ್ಲಿ ಗಣಿತಕ್ಕೆ ಎರಡನೇ ಸಲ ಫೀ ಕಟ್ಟಿ ಬಂದ ದಿನ, ನಮ್ಮವ್ವ ಬಡಿದ ರೊಟ್ಟಿಯನ್ನೇ ತಿನ್ನುತ್ತಾ, ನಮ್ಮವ್ವನಿಗೇ ಹೇಳಿದ. "ಇಲ್ಲೀತನಕ ನಮಗ ಸೀಲು ಸಹಿ ಇರೂ ಸರ್ಟಿಫಿಕೇಟ್ ಅಂತ ಸಿಕ್ಕಿದ್ದು ಒಂದ. ನಮ್ಮ ಎಮ್ಮಿ ಸತ್ತಾಗ ದನದ ಡಾಕ್ಟರು ಬರಕೊಟ್ಟದ್ದು."

ಅದು ನಿಜ. ವಿಮೆಗೆ ಬೇಕೆಂದು ಡಾಕ್ಟರು ಕೊಟ್ಟ ಆ ಕಾಗದದ ಒಂದು ಪ್ರತಿ ಇವತ್ತಿಗೂ ಅವ್ವನ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇದೆ. ಬದುಕಿದ್ದಾಗ ಆ ಎಮ್ಮೆಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ನಾನು ಛಲ ಬಿಡಲಿಲ್ಲ. ಗಣಿತ ಪಾಸಾದೆ. ಕದರಮಂಡಲಗಿ ಹತ್ತಿರದ ನಮ್ಮೂರಿನಿಂದ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು, ಬಿಎಸ್ಸಿ ಮುಗಿಸಿದೆ. ಅದೂ ರಸಾಯನಶಾಸ್ತ್ರದಲ್ಲಿ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲ ಜೀವ ನಾನೇ. ಈ ಮಾತನ್ನು ಮುಂದೆಯೂ ಒಂದೆರಡು ಸಲ ಹೇಳುವ ಸಂಭವವಿದೆ, ಓದುವವರು ಸಹಿಸಿಕೊಳ್ಳಬೇಕು.

ಡಿಗ್ರಿ ಸರ್ಟಿಫಿಕೇಟನ್ನು ಮಾವನ ಮುಂದೆ ಹಿಡಿದೆ. ಅವನು ಅದನ್ನು ಖೋಟಾ ನೋಟು ನೋಡುವ ಹಾಗೆ ಬಿಸಿಲಿಗೆ ಎತ್ತಿ ನೋಡಿದ.

"ಇದು ಕಲತದ್ದಕ್ಕ ಕೊಟ್ಟದ್ದು, ರೇಣವ್ವಾ. ಏನರೆ ಮಾಡಿ ತೋರಿಸಿದ್ದಕ್ಕ ಕೊಡ್ತಾರಲ್ಲ, ಅದು ಖರೇ ಸರ್ಟಿಫಿಕೇಟ್. ಅದನ್ನ ತಾ, ಆಮ್ಯಾಲ ಮಾತಾಡೂಣು."

ಹೀಗೆ, ಮಾಡಿ ತೋರಿಸುವ ಉದ್ದೇಶದಿಂದಲೇ ನಾನು ಪೈಪ್‌ಲೈನ್ ಕಂಪನಿಗೆ ಸೇರಿದೆ. ನೆಲದೊಳಗೆ ಹೂತ ಪೈಪಿನಲ್ಲಿ ಡೀಸೆಲ್, ಪೆಟ್ರೋಲ್ ಹರಿಸುವ ಕಂಪನಿ ಅದು. ಪೈಪು ನಮ್ಮ ಕಡೆಯ ಹೊಲಗಳ ಕೆಳಗೇ ಹಾದು ಹೋಗಿದೆ, ನಮ್ಮ ಸ್ವಂತ ಹೊಲವೂ ಅದರಲ್ಲಿ ಒಂದು. ಮೇಲೆ ಬ್ಯಾಡಗಿ ಮೆಣಸಿನಕಾಯಿ, ಕೆಳಗೆ ಡೀಸೆಲ್. ಎರಡೂ ಉರಿಯುವ ಪದಾರ್ಥಗಳೇ. ಪೈಪು ಎಲ್ಲಿದೆ ಎಂದು ಗೊತ್ತಾಗಲು ಅಲ್ಲಲ್ಲಿ ಹಳದಿ ಬಣ್ಣದ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಕಂಬದ ಮೇಲೆ "ಅಪಾಯ, ಅಗೆಯಬೇಡಿ" ಎಂದು ಬರೆದಿದೆ.

ಇಂಥ ಕಂಪನಿಗಳಿಗೆ ನಿಯಮ ಬಹಳ ಬಿಗಿ. ಪೈಪು ಸೋರಿದೆ ಎಂಬ ಅನುಮಾನ ಬಂದರೆ ಸಾಕು, ಆ ಕ್ಷಣವೇ ಫೋನಿನಲ್ಲಿ ಸೂಚನೆ ಕೊಡಬೇಕು. ಕಂಟ್ರೋಲ್ ರೂಮಿಗೆ, ಅಗ್ನಿಶಾಮಕದವರಿಗೆ, ಪೊಲೀಸರಿಗೆ, ತಾಲೂಕು ಕಚೇರಿಗೆ, ಮುಖ್ಯ ಕಚೇರಿಗೆ. ಖಾತ್ರಿ ಆಗಲಿ ಅಂತ ಕಾಯುವಂತಿಲ್ಲ. ಆಮೇಲೆ ಬರಹದಲ್ಲಿ ವರದಿ. ವರದಿಯಲ್ಲಿ ತಪ್ಪು ಹೋದರೆ ಅಳಿಸುವಂತಿಲ್ಲ, ಹರಿದು ಹಾಕುವಂತಿಲ್ಲ. ಪೂರಕ ವರದಿ ಅಂತ ಇನ್ನೊಂದು ಕೊಡಬೇಕು. ಈ ಸೂಚನೆ, ವರದಿ ಮತ್ತು ಪೂರಕ ವರದಿಗಳ ಸಹಾಯಕಿಯಾಗಿ ನನ್ನನ್ನು ತಗೊಂಡಿದ್ದರು, ಪ್ರೊಬೇಷನ್ ಮೇಲೆ.

ನಿಯಮದ ಪುಸ್ತಕವನ್ನು ನಾನು ಬಾಯಿಪಾಠ ಮಾಡಿದೆ. ಬೆಳಿಗ್ಗೆ ಒಲೆ ಮುಂದೆ ಕುಳಿತು ಗುಣುಗುಣು ಹೇಳುತ್ತಿದ್ದರೆ ಅವ್ವ ಕೇಳುತ್ತಿದ್ದಳು, "ಏನದು, ಮಂತ್ರ?"

"ನಿಯಮ, ಯವ್ವಾ."

"ದಿನಾ ಇಷ್ಟೊತ್ತು ದೇವರ ಹೆಸರ ಹೇಳಿದ್ರ ನಿನ್ನ ನೌಕರಿ ಯಾವಾಗೋ ಕಾಯಂ ಆಗತಿತ್ತು."

ಕಾಯಂ! ಅದೇ ನನ್ನ ಚಿಂತೆ. ಪ್ರೊಬೇಷನ್ ಮುಗಿಯಲು ಬಂದಿತ್ತು. ಒಂದು ದಿನ ನಮ್ಮ ಸ್ಟೇಷನ್ ಮ್ಯಾನೇಜರ್ ದೇಸಾಯಿ ಸರ್ ನನ್ನ ಫೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎರಡೂ ಕಡೆ ಖಾಲಿ.

"ರೇಣುಕಾ ಅವ್ರ, ನಿಮ್ಮ ಕೈಯಿಂದ ಒಂದ ಒಂದು ವರದಿ ಸೈತ ಹೋಗಿಲ್ಲಲ್ಲ. ನಾ ಏನ ನೋಡಿ ಕಾಯಂ ಮಾಡ್ರಿ ಅಂತ ಬರೀಲಿ?"

"ಪೈಪ್ ಸೋರಿಲ್ಲಲ್ರಿ ಸರ್."

"ಅದೂ ಖರೇ ಅದ" ಎಂದರು. ಆದರೆ ಖುಷಿಯಿಂದ ಅನ್ನಲಿಲ್ಲ.

ಪೈಪಿನ ಆರೋಗ್ಯ ಬಹಳ ಚೆನ್ನಾಗಿತ್ತು. ಅಷ್ಟು ನಿರೋಗಿ ಪೈಪಿನ ಕೈಯಲ್ಲಿ ನನ್ನ ಭವಿಷ್ಯ ಸಿಕ್ಕಿಕೊಂಡಿತ್ತು. ಮನೆಗೆ ಬಂದು ಅವ್ವನ ಮುಂದೆ ಮುಖ ಸಪ್ಪೆ ಮಾಡಿ ಹೇಳಿದೆ, "ಆ ಪೈಪು ಮನಸ್ಸು ಮಾಡಿದ್ರ ಅಷ್ಟ ನನ್ನ ನೌಕರಿ ಉಳಿತೈತಿ, ಯವ್ವಾ."

ಹೇಳಬಾರದಿತ್ತು. ಆದರೆ ಹೇಳಿದೆ.

ಮುಂದಿನ ವಾರ ಸೀಗಿ ಹುಣ್ಣಿವೆ. ನಮ್ಮ ಕಡೆ ಆ ದಿನ ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರು ಎಂದು ಪೂಜೆ ಮಾಡಿ, ಅಡಿಗೆಯನ್ನು ಬೆಳೆಯ ಮೇಲೆಲ್ಲಾ ಚರಗವೆಂದು ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುವುದು.

"ಈ ವರ್ಷಾನೂ ಬರೂದಿಲ್ಲೇನು?" ಎಂದಳು ಅವ್ವ.

"ಡ್ಯೂಟಿ ಐತಿ. ನಾ ಜವಾಬ್ದಾರಿ ಇರೂ ಜಾಗದಾಗ ಅದೇನಿ" ಎಂದೆ. ಗತ್ತಿನಿಂದಲೇ ಎಂದೆ. ಅವ್ವ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ಹೆದರಬೇಕು ಎಂಬುದನ್ನು ಬಿಎಸ್ಸಿಯಲ್ಲಿ ಕಲಿಸುವುದಿಲ್ಲ.

ಹುಣ್ಣಿವೆಯ ಮರುದಿನ ಬೆಳಿಗ್ಗೆ ಹನುಮಂತಪ್ಪನ ಫೋನು ಬಂತು. ಹನುಮಂತಪ್ಪ ಎಂದರೆ ಪೈಪಿನ ದಾರಿ ಹಿಡಿದು ನಡೆಯುತ್ತಾ ನೋಡಿಕೊಂಡು ಬರುವ ನಮ್ಮ ಕಾವಲುಗಾರ. ಹಿಂದಿನ ದಿನ ಅವನೂ ಹುಣ್ಣಿವೆಗೆ ರಜೆ ಹಾಕಿ ಊರಿಗೆ ಹೋಗಿದ್ದ.

"ಮೇಡಂ, ಲಗೂ ಬರ್ರಿ! ನಿಮ್ಮ ಹೊಲದಾಗಿನ ಕಂಬದ ಬುಡಕ್ಕ ಡೀಸೆಲ್ ಉಕ್ಕಾಕತ್ತೈತಿ! ವಾಸನಿಗೆ ನಿಂದ್ರಾಕ ಆಗವಲ್ದು! ನೆಲ ನಡಗಿದ್ಹಂಗ ಆತ್ರಿ!"

ಸ್ಕೂಟಿ ಹತ್ತಿ ಹೋದೆ. ಉಕ್ಕುತ್ತಿರಲಿಲ್ಲ. ನಡುಗುತ್ತಲೂ ಇರಲಿಲ್ಲ. ಆದರೆ ಕಂಬದ ಸುತ್ತ ನೆಲ ಒದ್ದೆಯಾಗಿತ್ತು, ಒದ್ದೆಯ ಮೇಲೆ ಕಾಮನಬಿಲ್ಲಿನ ಬಣ್ಣ ಇತ್ತು, ನಾಲ್ಕೈದು ಮೆಣಸಿನ ಗಿಡ ಬಾಡಿದ್ದವು. ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವ್ವನ ಬೆಳೆ, ನನ್ನ ಪೈಪು!

ರಾತ್ರಿ ಒಂದು ಹಗುರ ಮಳೆ ಬಿದ್ದಿತ್ತು. ನಾನು ರಸಾಯನಶಾಸ್ತ್ರದ ಪದವೀಧರೆಯ ಕಣ್ಣಿನಿಂದ ಕಂಬವನ್ನು ಪರೀಕ್ಷಿಸಿ, ವರದಿಗೆ ಬೇಕಾದ ಟಿಪ್ಪಣಿ ಮಾಡಿಕೊಂಡೆ. ಕಂಬದ ಮೇಲಿಂದ ಇಳಿದ ಕೆಂಪು ಕಲೆ: ತುಕ್ಕು, ತೀವ್ರ ಸ್ವರೂಪದ್ದು. ನಡುವೆ ಬಿಳಿ ಪುಡಿ: ರಾಸಾಯನಿಕ ಕ್ರಿಯೆ ನಡೆದ ಲಕ್ಷಣ. ಬುಡದಲ್ಲಿ ಕಪ್ಪು ಮಸಿ: ಸಣ್ಣ ಪ್ರಮಾಣದಲ್ಲಿ ಬೆಂಕಿ ಹತ್ತಿ ಆರಿರಬಹುದು. ಪಕ್ಕದಲ್ಲಿ ತೆಂಗಿನಕಾಯಿಯ ಚಿಪ್ಪು: ಘಟನೆಗೆ ಸಂಬಂಧವಿಲ್ಲ.

ಈ ಟಿಪ್ಪಣಿಯನ್ನು ಇವತ್ತು ನಮ್ಮೂರ ಅಂಗನವಾಡಿಯಲ್ಲಿ ಓದಿ ಹೇಳಿದರೆ ಮಕ್ಕಳು ಕೈಮುಗಿದು ಪ್ರಸಾದ ಕೇಳುತ್ತಾರೆ. ನನಗೆ ಮಾತ್ರ ಹೊಳೆಯಲಿಲ್ಲ.

ಫೋನು ತೆಗೆದೆ. ಕಂಟ್ರೋಲ್ ರೂಮಿನವನು ಗಂಭೀರವಾಗಿ ಕೇಳಿದ, "ಎಷ್ಟು ಸೋರಿರಬಹುದು?"

ನಾನು ಒದ್ದೆ ಜಾಗ ನೋಡಿದೆ. ಒಂದು ಎಮ್ಮೆ ಆರಾಮಾಗಿ ಮಲಗಬಹುದಿತ್ತು. ಎಮ್ಮೆಯನ್ನು ಲೀಟರಿಗೆ ಬದಲಿಸುವ ಸೂತ್ರ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ನಿಯಮ ನೆನಪಾಯಿತು. ಪ್ರಮಾಣ ತಿಳಿಯದಿದ್ದರೆ ಹೆಚ್ಚಿನ ಅಂದಾಜನ್ನೇ ಹೇಳತಕ್ಕದ್ದು.

"ಒಂದು ಟ್ಯಾಂಕರ್" ಎಂದೆ.

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಹತ್ತಿರದ ಜಲಮೂಲ?"

"ನಮ್ಮ ಬೋರ್‌ವೆಲ್. ನೀರು ಬಂದ್ರ ಜಲಮೂಲ, ಬರದಿದ್ರ ಬರೇ ತೂತು."

ಮುಂದೆ ಅಗ್ನಿಶಾಮಕ, ಪೊಲೀಸು, ತಾಲೂಕು ಕಚೇರಿ, ಮುಖ್ಯ ಕಚೇರಿ. ಕ್ರಮ ತಪ್ಪದೆ, ತೊದಲದೆ ಎಲ್ಲರಿಗೂ ತಿಳಿಸಿದೆ. ನಡುವೆ ಅವ್ವನ ಫೋನು ಬರತೊಡಗಿತು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ತುರ್ತು ಸಮಯದಲ್ಲಿ ಲೈನ್ ಖಾಲಿ ಇಡಬೇಕು ಎಂಬುದು ನಿಯಮ. ಅವ್ವನಿಗೆ ತಿಳಿಸಬೇಕು ಎಂದು ಯಾವ ನಿಯಮದಲ್ಲೂ ಇರಲಿಲ್ಲ.

ನಂತರ ನಡೆದದ್ದನ್ನು ನೋಡಿದ್ದರೆ ಯಾರಿಗಾದರೂ ನಮ್ಮ ದೇಶದ ಮೇಲೆ ಅಭಿಮಾನ ಉಕ್ಕುತ್ತಿತ್ತು. ಪೈಪಿನಲ್ಲಿ ಡೀಸೆಲ್ ಹರಿಸುವ ಪಂಪು ಬಂದ್ ಆಯಿತು. ಕೆಂಪು ಗಾಡಿ ಗಂಟೆ ಹೊಡೆಯುತ್ತಾ ಬಂತು. ಪೊಲೀಸ್ ಜೀಪು ಬಂತು. ದೇಸಾಯಿ ಸರ್ ಹೆಲ್ಮೆಟ್ ಹಾಕಿಕೊಂಡು ಬಂದರು. ಕಾರಿನಲ್ಲಿ ಬಂದಿದ್ದರೂ ಹೆಲ್ಮೆಟ್ ತೆಗೆದಿರಲಿಲ್ಲ. ಪೈಪು ಅಗೆದು ನೋಡಲು ಒಂದು ಜೆಸಿಬಿ ಬಂತು. ಕದರಮಂಡಲಗಿಗೆ ಹಣಮಪ್ಪ ದೇವರ ದರ್ಶನಕ್ಕೆ ಹೊರಟಿದ್ದ ಒಂದು ಬಸ್ಸು ರಸ್ತೆಯಲ್ಲಿ ನಿಂತು, ಭಕ್ತರೆಲ್ಲ ಇಳಿದು ನಮ್ಮ ಹೊಲದ ಬದುವಿನ ಮೇಲೆ ಸಾಲಾಗಿ ನಿಂತರು. ನಾನು ಹಗ್ಗ ಕಟ್ಟಿಸಿ, ಎಲ್ಲರನ್ನೂ ಹಿಂದೆ ಸರಿಸಿ, ಬೀಡಿ ಹಚ್ಚಿದವನ ಬಾಯಿಂದ ಬೀಡಿ ಕಿತ್ತು ನೀರಿಗೆ ಹಾಕಿದೆ. ಆಮೇಲೆ ಗೊತ್ತಾಯಿತು, ಅವರು ತಾಲೂಕು ಕಚೇರಿಯಿಂದ ಬಂದ ಸಾಹೇಬರು.

ದೇಸಾಯಿ ಸರ್ ಮೆಚ್ಚುಗೆಯಿಂದ ತಲೆದೂಗಿದರು. "ಭೇಷ್, ರೇಣುಕಾ ಅವ್ರ! ಒಂದೂ ತಪ್ಪಿಲ್ಲ! ಇವತ್ತ ನಿಮ್ಮ ಫೈಲ್ ತುಂಬತದ."

ನನ್ನ ಎದೆ ಉಬ್ಬಿತು. ಜೆಸಿಬಿಯ ಕೈ ಮೇಲೆದ್ದಿತು. ಅದರ ಕೆಳಗೆ ಅವ್ವನ ಮೆಣಸಿನ ಗಿಡಗಳು ಬಿಳಿ ಹೂ ಬಿಟ್ಟು ನಿಂತಿದ್ದವು. ನಾನು ಆ ಕಡೆ ನೋಡದೆ, ನಿಯಮದ ಕಡೆ ನೋಡುತ್ತಾ ನಿಂತೆ.

ಆಗ ಕೇಳಿತು ಮಾವನ ಟ್ರ್ಯಾಕ್ಟರಿನ ಸದ್ದು. ಟ್ರ್ಯಾಕ್ಟರ್ ಮೇಲೆ ಮಾವ, ಪಕ್ಕದಲ್ಲಿ ಮಡ್‌ಗಾರ್ಡ್ ಹಿಡಿದು ಅವ್ವ, ಅವಳ ತೊಡೆಯ ಮೇಲೆ ಹುಣ್ಣಿವೆಯ ಅಡಿಗೆ ಉಳಿದದ್ದನ್ನು ಕಟ್ಟಿದ ಬುತ್ತಿಯ ದೊಡ್ಡ ಗಂಟು. ಜನವನ್ನು ನೋಡಿ ಅವ್ವ ಹೆದರಲಿಲ್ಲ. ಅವಳ ಮುಖ ಅರಳಿತು!

"ಅಯ್ಯ ಶಿವನ, ಇಷ್ಟ ಮಂದಿ ಬಂದಾರ! ನಿನ್ನೆ ಮಾಡಿದ ಪೂಜಿ ಇವತ್ತ ಮುಟ್ಟೇತಿ ನೋಡ ಫಕ್ಕೀರಾ!"

"ಯಾವ ಪೂಜಿ?" ಎಂದೆ.

"ಇವಂದ" ಎಂದು ಅವ್ವ ಹಳದಿ ಕಂಬದ ಕಡೆ ಕೈ ಮಾಡಿದಳು. "ನೀನ ಹೇಳಿದೆಲ್ಲ, ಅಂವ ಮನಸ್ಸ ಮಾಡಿದ್ರ ನಿನ್ನ ನೌಕರಿ ಉಳಿತೈತಿ ಅಂತ. ಐದ ಮಂದಿ ಪಾಂಡವರ ಜೋಡಿ ಇವನ್ನೂ ಕೂಡಿಸಿಕೊಂಡ್ನಿ. ಕಂಬ ಬಾಳ ಹೊಲಸಾಗಿತ್ತು, ಕಾಗಿ ಹೇತಿದ್ವು, ಟ್ಯೂಷನ್ ಕ್ಲಾಸಿನವರು ಚೀಟಿ ಅಂಟಿಸಿದ್ರು. ನೀರಿಗೆ ಹೋಗಲಿಲ್ಲ. ಡೀಸೆಲ್ ಹಚ್ಚಿ ತಿಕ್ಕಿದ್ನಿ. ಕೈ ಜಾರಿ ತಂಬಿಗಿ ಉಳ್ಳಿ ಎಲ್ಲಾ ಚೆಲ್ಲಿತು. ಆಮ್ಯಾಲ ಎರಡ ಕೊಡ ನೀರ ಹೊಯ್ದು ಮೈ ತೊಳದು, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಕಾಯಿ ಒಡದ್ನಿ. ಅದನ್ನ ಹೇಳಾಕಂತನ ಮುಂಜಾನಿಂದ ಫೋನ್ ಮಾಡಾಕತ್ತೇನಿ, ನೀ ಕಟ್ ಮಾಡತಿ!"

ಜೆಸಿಬಿ ತಾನಾಗಿಯೇ ಕೈ ಇಳಿಸಿತು.

"ಡೀಸೆಲ್ ನಾನ ಕೊಟ್ಟೇನ್ರಿ" ಎಂದ ಮಾವ, ಪೊಲೀಸರ ಕಡೆ ನೋಡಿ, ತಗ್ಗಿದ ದನಿಯಲ್ಲಿ. "ಟ್ರ್ಯಾಕ್ಟರಿಂದು. ಒಂದ ತಂಬಿಗಿ."

ಬದುವಿನ ಮೇಲಿದ್ದ ಭಕ್ತರಲ್ಲಿ ಒಬ್ಬಾಕೆ ದೂರದಿಂದಲೇ ಕಂಬಕ್ಕೆ ಕೈಮುಗಿದಳು. ದೇಸಾಯಿ ಸರ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಯಾರೋ ತೀರಿಕೊಂಡ ಮನೆಗೆ ಬಂದವರ ಹಾಗೆ. ತೀರಿಕೊಂಡದ್ದು ಬಹುಶಃ ನನ್ನ ನೌಕರಿ.

ಅಗ್ನಿಶಾಮಕದ ಅಧಿಕಾರಿ ಮಾತ್ರ ಕೆಳಗೆ ಕೂತು ಮಣ್ಣು ಮೂಸಿ, ಎದ್ದು, ಮೀಸೆಯೊಳಗೇ ನಕ್ಕರು. "ಇರಲಿ ಬಿಡ್ರಿ ದೇಸಾಯಿಯವರ. ವರ್ಷಕ್ಕೊಮ್ಮೆ ಹುಸಿ ಬೆಂಕಿ ಹಚ್ಚಿ ತಾಲೀಮು ಮಾಡ್ತೀವಲ್ಲ, ಅದೊಂದು ಅಣಕು ಕಾರ್ಯಾಚರಣೆ ಆತು ಅಂದ್ರ ಆತು."

ದೇಸಾಯಿ ಸರ್ ಮುಖಕ್ಕೆ ರಕ್ತ ವಾಪಸ್ ಬಂತು. ಅವರು "ಹೌದಲ್ಲ" ಎನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ. ನಿಯಮ ಬಾಯಿಪಾಠ ಮಾಡಿದವರ ದೊಡ್ಡ ರೋಗ ಇದು.

"ಹಂಗ ಬರಿಯಾಕ ಬರೂದಿಲ್ರಿ ಸರ್. ಅಣಕು ಕಾರ್ಯಾಚರಣೆಗೆ ಮೊದಲ ಪತ್ರ ಕೊಡಬೇಕು. ಕೊಟ್ಟಿಲ್ಲ. ನಾನು ಪೂರಕ ವರದಿ ಕಳಸ್ತೇನಿ, ಆದದ್ದ ಬರೀತೇನಿ."

"ನಿಮಗ ಕಾಯಂ ಆಗಬೇಕಂತ ಆಸೆ ಅದನೋ ಇಲ್ಲೋ?"

"ಐತ್ರಿ" ಎಂದೆ. ಬಸ್ಸಿನಲ್ಲಿ ನಿಂತ ಆ ವರ್ಷಗಳೆಲ್ಲ ಕಣ್ಣ ಮುಂದೆ ನಿಂತೇ ಇದ್ದವು. "ಆದ್ರ ಒಂದು ಟ್ಯಾಂಕರ್ ಅಂತ ಹೇಳಿದಾಕಿ ನಾನ. ಒಂದ ತಂಬಿಗಿ ಅಂತ ನಾನ ಹೇಳಬೇಕು."

ಅವ್ವ ಗಂಟು ಬಿಚ್ಚಿದಳು. "ಮಾತ ಆಮ್ಯಾಲ ಆಡೀರಂತ. ಮೊದಲ ಕುಂದ್ರಿ, ಉಣ್ರಿ" ಎಂದಳು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕರಿಗಡುಬು. ಹೀಗೆ ತುರ್ತು ಪರಿಸ್ಥಿತಿಯನ್ನು ನಿಭಾಯಿಸಲು ಬಂದ ಎಲ್ಲ ಇಲಾಖೆಗಳೂ ಬೇವಿನ ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಪರಿಸ್ಥಿತಿಯನ್ನು ನಿಭಾಯಿಸಿದವು. ಬೀಡಿಯ ಸಾಹೇಬರು ಎರಡು ಕಡುಬು ಹೆಚ್ಚು ತಗೊಂಡು ನನ್ನನ್ನು ಕ್ಷಮಿಸಿದರು.

ಆ ಮಧ್ಯಾಹ್ನ ಪೂರಕ ವರದಿ ಬರೆಯಲು ಕುಳಿತೆ. ಸೋರಿಕೆಯ ಪ್ರಮಾಣ: ಒಂದು ಟ್ಯಾಂಕರ್ ಎಂಬುದರ ಬದಲಾಗಿ ಒಂದು ತಂಬಿಗೆ ಎಂದು ಓದಿಕೊಳ್ಳುವುದು. ಅಲ್ಲಿಯವರೆಗೆ ಸಲೀಸು. ಮುಂದೆ, ಸೋರಿಕೆಯ ಕಾರಣ. ಅಲ್ಲಿ ಅಚ್ಚು ಮಾಡಿದ ಕಾರಣಗಳಲ್ಲೇ ಒಂದಕ್ಕೆ ಗುರುತು ಹಾಕಬೇಕಿತ್ತು. ತುಕ್ಕು? ಅದು ಕುಂಕುಮ. ಯಂತ್ರದ ದೋಷ? ತಂಬಿಗೆ ಯಂತ್ರವಲ್ಲ. ಹೊರಗಿನವರ ಹಸ್ತಕ್ಷೇಪ? ಹೊಲ ಅವ್ವನದು, ಹೊರಗಿನವರು ನಾವು. ಉಳಿದದ್ದು ಒಂದೇ: ನೈಸರ್ಗಿಕ ಶಕ್ತಿ. ನಮ್ಮವ್ವನನ್ನು ಒಮ್ಮೆ ನೋಡಿದವರು ಯಾರೂ ಅದನ್ನು ತಪ್ಪು ಅನ್ನಲಾರರು. ಗುರುತು ಹಾಕಿ ಕಳಿಸಿದೆ.

ಮರುದಿನ ಮುಖ್ಯ ಕಚೇರಿಯಿಂದ ಫೋನು.

"ನೈಸರ್ಗಿಕ ಶಕ್ತಿ ಅಂತ ಹಾಕಿದ್ದೀರಿ. ಏನು, ಭೂಕಂಪವೆ? ಪ್ರವಾಹವೆ?"

"ಅಲ್ರಿ. ನಮ್ಮ ತಾಯಿಯವರು."

ಆ ಕಡೆ ಕಾಗದ ತಿರುವಿದ ಸದ್ದು ಕೇಳಿತು. ಆಮೇಲೆ ಅವರು ಮೆಲ್ಲಗೆ ಕೇಳಿದರು, "ಒಂದು ತಂಬಿಗೆ ಅಂದರೆ ಎಷ್ಟು ಲೀಟರ್?"

ಅಳೆದು ಹೇಳುತ್ತೇನೆ ಎಂದೆ. ಅಳೆಯಲು ಅವ್ವ ತಂಬಿಗೆ ಕೊಡಲಿಲ್ಲ. "ಇದರದ್ದ ತಪ್ಪಂತ ಬರೀತಿ, ಕಸಗೊಂಡ ಹೊಕ್ಕಾರ" ಎಂದಳು.

ನಂತರದ ದಿನಗಳಲ್ಲಿ ನಾನು ನೌಕರಿ ಹೋಯಿತೆಂದೇ ತಿಳಿದು, ಬೇರೆ ಅರ್ಜಿ ಬರೆಯುತ್ತಾ ಇದ್ದೆ. ಆಗ ಬಂತು ಮುಖ್ಯ ಕಚೇರಿಯ ಆದೇಶ. ದೇಸಾಯಿ ಸರ್ ಅದನ್ನು ಎದ್ದು ನಿಂತು ಓದಿದರು. ಸದರಿ ಘಟನೆಯಲ್ಲಿ ಸೋರಿಕೆಯೊಂದನ್ನು ಬಿಟ್ಟು ಉಳಿದೆಲ್ಲವೂ ನಿಯಮದ ಪ್ರಕಾರವೇ ನಡೆದಿರುತ್ತದೆ. ಸೂಚನೆ ತಡವಾಗಿಲ್ಲ. ಯಾರನ್ನೂ ಬಿಟ್ಟಿಲ್ಲ. ತಪ್ಪನ್ನು ಸಿಬ್ಬಂದಿ ತಾನೇ ತಿದ್ದಿರುತ್ತಾರೆ. ಆದಕಾರಣ ಇದನ್ನು ಮುನ್ಸೂಚನೆ ಇಲ್ಲದ ಅಣಕು ಕಾರ್ಯಾಚರಣೆ ಎಂದು ಪರಿಗಣಿಸಲಾಗಿದೆ. ಸದರಿ ಸಿಬ್ಬಂದಿಯನ್ನು ಕಾಯಂ ಮಾಡಲಾಗಿದೆ.

ಕೊನೆಗೆ ಒಂದು ಸಾಲು ಇತ್ತು. ಇನ್ನು ಮುಂದೆ ಸೂಚನೆ ಕೊಡಬೇಕಾದವರ ಪಟ್ಟಿಯಲ್ಲಿ, ಕಂಟ್ರೋಲ್ ರೂಮಿಗಿಂತ ಮೊದಲು, ಹೊಲದ ಮಾಲೀಕರ ಫೋನ್ ನಂಬರ್ ಸೇರಿಸತಕ್ಕದ್ದು. ಈ ಹೊಸ ನಿಯಮವೂ ನನಗೆ ಬಾಯಿಪಾಠ. ನಮ್ಮ ಹೊಲದ ಮಟ್ಟಿಗೆ ಅದರ ಅರ್ಥ ಇಷ್ಟೇ: ಮೊದಲು ಅವ್ವನ ಫೋನು ಎತ್ತು.

ಈ ಕಾರ್ಯಾಚರಣೆಗೆಂದು ಕಂಪನಿ ನನಗೊಂದು ಸರ್ಟಿಫಿಕೇಟನ್ನೂ ಕೊಟ್ಟಿತು, ಬೇಸಿಗೆ ಹೊತ್ತಿಗೆ, ಹಾವೇರಿಯಲ್ಲಿ, ಸುರಕ್ಷತಾ ಸಪ್ತಾಹದ ಸಮಾರಂಭದಲ್ಲಿ. ಅವ್ವ ಮತ್ತು ಮಾವ ಅವತ್ತೇ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ, ಹಾಗೇ ಬಸ್ಸು ಹತ್ತಿ ಬಂದಿದ್ದರು. ಜೆಸಿಬಿಯ ಕೈಯಿಂದ ಉಳಿದ ಅದೇ ಮೆಣಸಿನಕಾಯಿ. ಇಬ್ಬರ ಬಟ್ಟೆಯ ತುಂಬ ಅದರದೇ ಘಾಟು. ಅವರನ್ನು ಗೌರವದಿಂದ ಮುಂದಿನ ಸಾಲಿನಲ್ಲಿ ಕೂರಿಸಿದರು. ಮುಂದಿನ ಸಾಲು ಸೀನತೊಡಗಿತು. ಎರಡನೇ ಸಾಲು ಸೀನತೊಡಗಿತು. ನನ್ನ ಹೆಸರು ಕೂಗುವ ಹೊತ್ತಿಗೆ ವೇದಿಕೆಗೂ ಮುಟ್ಟಿತ್ತು. ಮುಖ್ಯ ಅತಿಥಿಗಳು ಕಣ್ಣೀರು ಒರೆಸಿಕೊಳ್ಳುತ್ತಾ ನನಗೆ ಸರ್ಟಿಫಿಕೇಟ್ ಕೊಟ್ಟರು. ಭಾವುಕರಾದರು ಎಂದು ಸಭೆ ಚಪ್ಪಾಳೆ ತಟ್ಟಿತು.

ಕೆಳಗೆ ಇಳಿದು ಬಂದು, ಮಾತಾಡದೆ, ಅದನ್ನು ಮಾವನ ಕೈಗೆ ಕೊಟ್ಟೆ. ಚೌಕಟ್ಟು ಹಾಕಿತ್ತು, ಸೀಲು ಇತ್ತು, ಎರಡು ಸಹಿ ಇದ್ದವು. ಅವನು ಟವೆಲಿನಿಂದ ಕೈ ಒರೆಸಿಕೊಂಡು ಹಿಡಿದ. ತುಟಿ ಅಲ್ಲಾಡಿಸುತ್ತಾ ನಿಧಾನಕ್ಕೆ ಓದಿದ: "ಕಾಲ್ಪನಿಕ ಸೋರಿಕೆಯನ್ನು ಯಶಸ್ವಿಯಾಗಿ ನಿಭಾಯಿಸಿದ್ದಕ್ಕಾಗಿ."

"ಕಾಲ್ಪನಿಕ ಅಂದ್ರ?"

"ಅಂದ್ರ... ಆಗದ್ದು, ಮಾವಾ. ಆಗೇತಿ ಅಂತ ತಿಳಕೊಂಡದ್ದು."

ಅವ್ವ ಆಗಲೇ ಅದನ್ನು ಕಸಿದು ಸೆರಗಿನಲ್ಲಿ ಸುತ್ತುತ್ತಿದ್ದಳು. "ಟ್ರಂಕಿನ್ಯಾಗ ಎಮ್ಮಿದರ ಮ್ಯಾಲ ಇಡತೇನಿ" ಎಂದಳು.

ಮಾವ ಯೋಚಿಸಿದ. ಒಂದು ಸಲ ಸೀನಿದ. ಆಮೇಲೆ ನನ್ನ ತಲೆ ಸವರಿ, ಪ್ರೀತಿಯಿಂದಲೇ ಹೇಳಿದ:

"ಮ್ಯಾಲ ಬ್ಯಾಡಕ್ಕಾ, ಕೆಳಗ ಇಡು. ಎಮ್ಮಿ ಖರೇನ ಸತ್ತಿತ್ತು."